ಅನುದಾನ ಯಂತ್ರಕ್ಕೆ, ಕಸ ಕೈಗೆ

ಕಸವನ್ನು ಕಡಿಮೆ ಮಾಡುವುದಕ್ಕಾಗಿ, ಮರುಬಳಕೆಗಾಗಿ, ಹಳೆಯ ಕಸದ ಗುಡ್ಡೆಗಳನ್ನು ಕರಗಿಸುವುದಕ್ಕಾಗಿ ನಮ್ಮ ಮಹಾನಗರಪಾಲಿಕೆಗಳು ಸರಕಾರದ ಮುಂದೆ ಅರ್ಜಿ ಹಿಡಿದು ನಿಲ್ಲುವುದು ಈಗ ವರ್ಷಂಪ್ರತಿ ನಡೆಯುವ ವ್ರತದಂತಾಗಿದೆ. ಯೋಜನಾ ವರದಿ ಸಿದ್ಧವಾಗುತ್ತದೆ. ರಾಜ್ಯದ ಉನ್ನತಾಧಿಕಾರ ಸಮಿತಿ ಅದಕ್ಕೆ ಒಪ್ಪಿಗೆಯ ಮೊಹರು ಒತ್ತುತ್ತದೆ. ಮೊದಲ ಕಂತಿನ ಹಣ ಬರುತ್ತದೆ. ಮಂತ್ರಿಗಳು ಬಾವುಟ ತೋರಿಸಿ ಹೊಸ ಗಾಡಿಗಳನ್ನು ಬೀದಿಗೆ ಬಿಡುತ್ತಾರೆ, ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಮನೆಯ ಕಸ ಮಾತ್ರ ಹಿಂದಿನಂತೆಯೇ ಒಂದೇ ಚೀಲದಲ್ಲಿ ಹೋಗುತ್ತದೆ. ಬಾಳೆಹಣ್ಣಿನ ಸಿಪ್ಪೆ, ಔಷಧದ ಶೀಸೆ, ಮಗುವಿನ ಡೈಪರು, ಹಾಲಿನ ಪೊಟ್ಟಣ, ಒಡೆದ ಬಲ್ಬು ಎಲ್ಲವೂ ಅಣ್ಣತಮ್ಮಂದಿರಂತೆ ಕೂಡಿಕೊಂಡು.

ಯಕ್ಷಗಾನ, ಕವಿಗೋಷ್ಠಿ, ದತ್ತಿ ಉಪನ್ಯಾಸಗಳ ವರದಿ ಬರುವ ಪುಟಗಳಲ್ಲಿ ಈ ಕಚ್ರಾದ ಮಾತೇಕೆ ಎಂದು ಕೆಲವು ಹಿರಿಯರು ಮೂಗುಮುರಿಯಬಹುದು. ಅವರಿಗೆ ನಮ್ಮ ಉತ್ತರ ಇಷ್ಟೇ: ನಾವು ಈ ಊರಿಗೆ ನೆಂಟರಾಗಿ ಬಂದವರಲ್ಲ. ಮೂರು ನಾಲ್ಕು ತಲೆಮಾರುಗಳಿಂದ ಇಲ್ಲಿ ಅನ್ನ ಉಂಡವರು, ಇಲ್ಲಿಯ ಜನರಿಗೆ ಅನ್ನ ಬಡಿಸಿದವರು. ಉಂಡ ಎಲೆ ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕೂ ನಮಗಿದೆ, ಕೇಳಬೇಕಾದ ಕರ್ತವ್ಯವೂ ಇದೆ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ನಗರಗಳು ಅನುದಾನ ಕೇಳುವುದು ತಪ್ಪಲ್ಲ. ಕೇಳುತ್ತಿರುವುದು ತಪ್ಪು ತುದಿಗೆ. ಕಸವನ್ನು ಸಾಗಿಸುವುದಕ್ಕೆ, ಅರೆಯುವುದಕ್ಕೆ, ಸುಡುವುದಕ್ಕೆ, ಗುಡ್ಡೆ ಅಗೆಯುವುದಕ್ಕೆ ಹಣ ಕೇಳುತ್ತಾರೆ. ಕಸವನ್ನು ಬೇರ್ಪಡಿಸುವ ಕೈಗಳಿಗೆ ಕೇಳುವುದಿಲ್ಲ. ಮರುಬಳಕೆ ಎಂಬುದು ಈ ದೇಶದಲ್ಲಿ ಇಷ್ಟಾದರೂ ನಡೆಯುತ್ತಿರುವುದು ಆ ಕೈಗಳಿಂದ. ಅವುಗಳಿಗೆ ಏನೂ ದಕ್ಕದ ಅನುದಾನ ಎಷ್ಟು ಕೋಟಿಯದಾದರೂ ಮರುಬಳಕೆಯ ಅನುದಾನವೆಂದು ಕರೆಸಿಕೊಳ್ಳಲು ಅರ್ಹವಲ್ಲ.

ಅನುದಾನದ ಗುಣ ಹೊರನಾಡ ಕನ್ನಡ ಸಂಘಗಳಿಗೆ ಹೊಸತಾಗಿ ತಿಳಿಸಿಕೊಡಬೇಕಾಗಿಲ್ಲ. ಬೆಂಗಳೂರಿನ ಇಲಾಖೆಗಳ ಮೆಟ್ಟಿಲನ್ನು ನಮ್ಮ ಪದಾಧಿಕಾರಿಗಳು ಎಷ್ಟು ಸಲ ಹತ್ತಿಳಿದಿಲ್ಲ? ಭವನ ಕಟ್ಟುತ್ತೇವೆ ಎಂದರೆ ಸರಕಾರಕ್ಕೆ ಕಿವಿ ಕೇಳಿಸುತ್ತದೆ. ಭವನದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಮೇಷ್ಟರಿಗೆ ತಿಂಗಳ ಸಂಬಳ ಬೇಕು ಎಂದರೆ ಅದೇ ಕಿವಿ ಮಂದವಾಗುತ್ತದೆ. ಕಟ್ಟಡಕ್ಕೆ ಶಿಲಾಫಲಕ ಇರುತ್ತದೆ, ಸಂಬಳಕ್ಕೆ ಇರುವುದಿಲ್ಲ. ಮುಂಬಯಿಯ ಹೋಟೆಲು ಹುಡುಗರಿಗಾಗಿ ನಮ್ಮ ಹಿಂದಿನವರು ನಡೆಸಿದ ರಾತ್ರಿಶಾಲೆಗಳು ಬದುಕಿದ್ದು ಹಗಲು ದುಡಿದು ರಾತ್ರಿ ಪಾಠ ಹೇಳಿದವರಿಂದ, ಕೈಯಲ್ಲಿದ್ದ ನಾಲ್ಕು ಕಾಸು ವಂತಿಗೆ ಕೊಟ್ಟವರಿಂದ. ಕಸದ ಅನುದಾನದ ಕಥೆಯೂ ಇದೇ ಧಾಟಿಯದು. ಲಾರಿ ಖರೀದಿಗೆ ಫಲಕವುಂಟು, ಚಿಂದಿ ಆಯುವ ಹೆಂಗಸಿನ ಕೂಲಿಗೆ ಫಲಕವಿಲ್ಲ.

ಹಣ ಹೇಗೆ ಬರುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಸ್ವಚ್ಛ ಭಾರತ ಅಭಿಯಾನ ಆರಂಭವಾದದ್ದು 2014ರ ಅಕ್ಟೋಬರ್ 2ರಂದು. ನಗರಗಳಿಗಾಗಿ ಅದರ ಎರಡನೆಯ ಘಟ್ಟವನ್ನು 2021ರ ಅಕ್ಟೋಬರ್ 1ರಂದು ಐದು ವರ್ಷದ ಅವಧಿಗೆ ಸಾರಿದರು. ಒಟ್ಟು ಅಂದಾಜು ವೆಚ್ಚ 1,41,600 ಕೋಟಿ ರೂಪಾಯಿ. ಆ ಯೋಜನೆಯಲ್ಲಿ ಪ್ರತಿ ನಗರವೂ ತನ್ನ ಘನತ್ಯಾಜ್ಯದ ಕ್ರಿಯಾಯೋಜನೆಯನ್ನು ಬರೆದು ರಾಜ್ಯಕ್ಕೆ ಒಪ್ಪಿಸಬೇಕು, ರಾಜ್ಯ ಅವನ್ನೆಲ್ಲ ಕ್ರೋಡೀಕರಿಸಿ ಕೇಂದ್ರಕ್ಕೆ ಕಳಿಸಬೇಕು. 10 ಲಕ್ಷ ಮೀರಿದ ಜನಸಂಖ್ಯೆಯ ನಗರವಾದರೆ ಕೇಂದ್ರದ ಪಾಲು ನಾಲ್ಕರಲ್ಲೊಂದು, ಒಂದರಿಂದ 10 ಲಕ್ಷದೊಳಗಿನ ಊರಿಗೆ ಮೂರರಲ್ಲೊಂದು, ಅದಕ್ಕೂ ಚಿಕ್ಕ ಊರಿಗೆ ಅರ್ಧ. ಉಳಿದದ್ದನ್ನು ರಾಜ್ಯವೂ ಪಾಲಿಕೆಯೂ ಹೊಂದಿಸಿಕೊಳ್ಳಬೇಕು. ಇದಲ್ಲದೆ 15ನೆಯ ಹಣಕಾಸು ಆಯೋಗವೂ 2021ರಿಂದ 2026ರವರೆಗಿನ ತನ್ನ ನಗರಾನುದಾನದಲ್ಲಿ ಕುಡಿಯುವ ನೀರು ಮತ್ತು ಕಸ ಎಂದು ಒಂದು ದೊಡ್ಡ ಪಾಲನ್ನು ಕಟ್ಟಿಟ್ಟಿತ್ತು.

ಹಣ ಇಲ್ಲವೆಂದಲ್ಲ ಎಂಬುದನ್ನು ತೋರಿಸಲು ಇಷ್ಟು ಹೇಳಿದೆವು. ಆದರೆ ಈ ಹಣದ ಬಹುಪಾಲು ಬಂಡವಾಳ ವೆಚ್ಚಕ್ಕೆ ಮೀಸಲು. ಕಸ ವಿಂಗಡಿಸುವ ಕೇಂದ್ರ, ಗೊಬ್ಬರದ ಘಟಕ, ಅನಿಲ ಘಟಕ, ಬೀದಿ ಗುಡಿಸುವ ಯಂತ್ರ, ಗುಡ್ಡೆ ಅಗೆಯುವ ಗುತ್ತಿಗೆ. ಘಟಕ ಕಟ್ಟಿದ ಮೇಲೆ ನಡೆಸುವ ಖರ್ಚನ್ನು ಪಾಲಿಕೆಯೇ ನೋಡಿಕೊಳ್ಳಬೇಕು. ಮುಂಬಯಿಯ ಪಾಲಿಕೆಗೆ ಅದೇನೂ ಭಾರವಲ್ಲ; ಅದರ 2025-26ರ ಆಯವ್ಯಯವೇ 74,427 ಕೋಟಿ ರೂಪಾಯಿ. ಆದರೆ ನಮ್ಮ ಬಂಧುಗಳು ಸಾವಿರಗಟ್ಟಲೆ ನೆಲೆಸಿರುವ ಡೊಂಬಿವಲಿ, ವಸಾಯಿ, ವಿರಾರ್, ಭಾಯಂದರ್ ಕಡೆಯ ಪಾಲಿಕೆಗಳ ಗಂಟು ಅಷ್ಟು ದೊಡ್ಡದಲ್ಲ. ಅಂಥಲ್ಲಿ ಘಟಕ ಉದ್ಘಾಟನೆಯಾಗುತ್ತದೆ, ನಡೆಸುವವರಿಲ್ಲದೆ ತುಕ್ಕು ಹಿಡಿಯುತ್ತದೆ, ಮುಂದಿನ ಅನುದಾನದ ಅರ್ಜಿಯಲ್ಲಿ ‘ಪುನಶ್ಚೇತನ’ ಎಂಬ ತಲೆಬರಹದಡಿ ಮತ್ತೆ ಹುಟ್ಟುತ್ತದೆ. ಪುಣೆಯಲ್ಲಿ ವಾರ್ಡು ವಾರ್ಡುಗಳಿಗೆ ಕಟ್ಟಿಸಿದ ಅನಿಲ ಘಟಕಗಳಲ್ಲಿ ಎಷ್ಟೋ ಘಟಕಗಳು ತಮ್ಮ ಪೂರ್ಣ ಶಕ್ತಿಗೆ ನಡೆಯಲೇ ಇಲ್ಲವೆಂದು ಅಲ್ಲಿಯ ನಾಗರಿಕರು ಎಷ್ಟೋ ಸಲ ದೂರಿದ್ದಾರೆ. ಕಾರಣ ಯಂತ್ರದ ದೋಷವೊಂದೇ ಅಲ್ಲ. ಅನಿಲ ಘಟಕಕ್ಕೆ ಬೇಕಾದದ್ದು ಶುದ್ಧ ಹಸಿ ಕಸ. ಅದರೊಳಗೆ ಪ್ಲಾಸ್ಟಿಕ್ ಚೀಲವನ್ನೂ ಗಾಜಿನ ಚೂರನ್ನೂ ಸುರಿದರೆ ಯಂತ್ರ ಕೆಮ್ಮುತ್ತದೆ, ನಿಲ್ಲುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಅಡುಗೆಮನೆಯಲ್ಲಿ ಆಗಬೇಕಾದ ಕೆಲಸಕ್ಕೆ ಕಾರ್ಖಾನೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ.

ಮುಂಬಯಿಯ ಕಸದ ಚರಿತ್ರೆ ನಮ್ಮ ಚೆಂಬೂರಿನ ಬಂಧುಗಳಿಗಾದರೂ ಗೊತ್ತಿರತಕ್ಕದ್ದು. ಕುರ್ಲಾದಿಂದ ಚೆಂಬೂರಿಗೆ 1906ರಲ್ಲಿ ಹಾಕಿದ ರೈಲು ಹಳಿಯ ಮೇಲೆ ಮೊದಲು ಹೋದದ್ದು ಮನುಷ್ಯರಲ್ಲ, ಕಸ. ಊರಿನ ಕಸವನ್ನು ತುಂಬಿಕೊಂಡ ಕಚ್ರಾ ಗಾಡಿ ಆ ದಾರಿಯಾಗಿ ಹೋಗಿ ಜೌಗು ನೆಲದಲ್ಲಿ ಸುರಿದು ಬರುತ್ತಿತ್ತು. ಪ್ರಯಾಣಿಕರಿಗೆ ಆ ಹಳಿ ತೆರೆದದ್ದು 1924ರಲ್ಲಿ. ದೇವನಾರ್ ಕಸದ ಮೈದಾನ 1927ರಿಂದ ಇದೆ. ಅಂದರೆ ಮೊನ್ನೆ ಮೊನ್ನೆ ಬಂದ ಮಾಲ್‌ಗಳ ಕಸದಿಂದ ಮಾತ್ರ ಆದದ್ದಲ್ಲ ಆ ಬೆಟ್ಟ. ನಮ್ಮ ಅಜ್ಜಂದಿರು ಕುಡಿದ ಚಹಾದ ಚರಟವೂ ಅದರ ತಳದಲ್ಲಿ ಎಲ್ಲೋ ಇದೆ. ಆ ಬೆಟ್ಟದ ಬುಡದಲ್ಲಿ ಗೋವಂಡಿಯ, ಶಿವಾಜಿನಗರದ ಸಂಸಾರಗಳು ವಾಸವಾಗಿವೆ. 2016ರ ಜನವರಿ ಕೊನೆಗೆ ಅದಕ್ಕೆ ಬೆಂಕಿ ಬಿದ್ದಾಗ ಹೊಗೆ ದಿನಗಟ್ಟಲೆ ಊರನ್ನು ಕವಿದಿತ್ತು, ಉಪಗ್ರಹದ ಚಿತ್ರದಲ್ಲಿ ಕಾಣಿಸುವಷ್ಟು. ಸುತ್ತಲಿನ ಶಾಲೆಗಳನ್ನು ಮುಚ್ಚಬೇಕಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಮುಂಬಯಿ ಹೈಕೋರ್ಟು, ಕಸಕ್ಕೆ ನೆಲೆ ಕಾಣಿಸದೆ ಹೊಸ ಕಟ್ಟಡಗಳಿಗೆ ಅನುಮತಿ ಕೊಡಬಾರದೆಂದು ಆಜ್ಞಾಪಿಸಿತು. ಸುಪ್ರೀಂ ಕೋರ್ಟು 2018ರಲ್ಲಿ ಷರತ್ತುಗಳೊಡನೆ ಅದನ್ನು ಸಡಿಲಿಸುವವರೆಗೆ ಹೊಸ ಫ್ಲ್ಯಾಟಿನ ಕನಸು ಕಂಡವರೆಲ್ಲ ಕಾದು ಕುಳಿತರು. ಕಸ ಬಡವರ ಸಮಸ್ಯೆ ಎಂದುಕೊಂಡವರ ಮನೆಬಾಗಿಲಿಗೂ ಅದು ಹೀಗೆ ಬಂತು.

ಮುಲುಂಡಿನ ಮೈದಾನವನ್ನು 2018ರಲ್ಲಿ ಮುಚ್ಚಿ, ಅಲ್ಲಿಯ ಸುಮಾರು 70 ಲಕ್ಷ ಟನ್ ಹಳೆಯ ಕಸವನ್ನು ಅಗೆದು ಜರಡಿ ಹಿಡಿಯುವ ಕೆಲಸಕ್ಕೆ ಕೈಹಾಕಿದರು. ದೇವನಾರಿನಲ್ಲಿ ಅಗೆಯಬೇಕಾದದ್ದು ಸುಮಾರು 185 ಲಕ್ಷ ಟನ್. 2025ರಲ್ಲಿ ಅದಕ್ಕಾಗಿ ಕರೆದ ಟೆಂಡರಿನ ಅಂದಾಜು ಎರಡು ಸಾವಿರ ಕೋಟಿಗೂ ಮಿಕ್ಕಿದ್ದು. ಹಳೆಯ ಬೆಟ್ಟ ಕರಗಬೇಡವೇ ಎಂದು ಯಾರಾದರೂ ಕೇಳಿದರೆ, ಕರಗಲೇಬೇಕು. ಗೋವಂಡಿಯ ಮಕ್ಕಳ ಎದೆಗೂಡು ಇನ್ನೊಂದು ತಲೆಮಾರು ಕಾಯಲಾರದು. ಆದರೆ ಒಂದು ಕಡೆ ಬೆಟ್ಟ ಅಗೆಯಲು ಸಾವಿರಾರು ಕೋಟಿ, ಇನ್ನೊಂದು ಕಡೆ ದಿನಕ್ಕೆ ಆರು ಸಾವಿರ ಟನ್ನಿಗೂ ಹೆಚ್ಚು ಹೊಸ ಕಸ. ಅದನ್ನು ಮನೆಯಲ್ಲೇ ಬೇರೆ ಮಾಡಿದ್ದರೆ ಅರ್ಧಕ್ಕಿಂತ ಹೆಚ್ಚು ಗೊಬ್ಬರವಾಗಬಹುದಿತ್ತು, ಉಳಿದದ್ದರಲ್ಲಿ ಬಹಳಷ್ಟು ಮಾರಾಟವಾಗಬಹುದಿತ್ತು. ಬೆರೆಸಿದ್ದರಿಂದ ಎರಡೂ ಕೆಟ್ಟು ಅದೇ ಬೆಟ್ಟದ ತಮ್ಮನೋ ತಂಗಿಯೋ ಆಗಿ ಬೇರೆಲ್ಲೋ ಬೆಳೆಯುತ್ತಿದೆ. ಸೋರುವ ಕೊಡಕ್ಕೆ ನೀರು ತುಂಬುವವನನ್ನು ಹುಚ್ಚನೆನ್ನುತ್ತೇವೆ. ಪಾಲಿಕೆ ಅದನ್ನೇ ಮಾಡಿದರೆ ಯೋಜನಾ ವರದಿ ಎನ್ನುತ್ತೇವೆ.

ಇನ್ನು ಆ ಕೈಗಳ ವಿಚಾರ. ಮುಂಬಯಿಯಲ್ಲಿ ಹಳೆಯ ಸಾಮಾನು ಕೊಳ್ಳುವವನು ‘ಭಂಗಾರ್’ ಎಂದು ಕೂಗುತ್ತ ಬಂದರೆ ಊರಿನಿಂದ ಹೊಸದಾಗಿ ಬಂದ ನಮ್ಮ ಹೆಂಗಸರು ಬಂಗಾರ ಮಾರುವವನೆಂದು ಬಗೆದು ಇಣುಕಿದ ನಗೆಮಾತು ಪ್ರತಿ ಚಾಳಿನಲ್ಲೂ ಇದೆ. ಅವರು ಅಷ್ಟೇನೂ ತಪ್ಪು ತಿಳಿಯಲಿಲ್ಲವೆಂದೇ ನಮ್ಮ ಅಭಿಪ್ರಾಯ. ಧಾರಾವಿಯ 13ನೇ ಕಾಂಪೌಂಡಿನಲ್ಲಿ ಹೋಗಿ ನೋಡಿದರೆ, ಊರು ಬಿಸಾಡಿದ ಡಬ್ಬ, ಬಾಟಲಿ, ತಂತಿಗಳು ಬಣ್ಣ ಬಣ್ಣವಾಗಿ ವಿಂಗಡವಾಗಿ, ಕತ್ತರಿಸಿ, ತೊಳೆದು, ಕರಗಿ, ಮತ್ತೆ ಕಾಳಾಗಿ ಕಾರ್ಖಾನೆಗೆ ಹೊರಡುತ್ತವೆ. ಇದಕ್ಕೆಲ್ಲ ಮೊದಲ ಕೈ ಬೆಳಗಾಗುವ ಮೊದಲೇ ಕಸದ ತೊಟ್ಟಿಯ ಬಳಿ ನಿಂತು ಚೀಲಗಳನ್ನು ಹರಿಯುವ ಹೆಂಗಸಿನದು. ಕೈಗವಸಿಲ್ಲ, ರಜೆಯಿಲ್ಲ, ಸೂಜಿ ಚುಚ್ಚಿದರೆ ಔಷಧವಿಲ್ಲ. ಸೊಸಾಯಿಟಿಯ ಕಾವಲುಗಾರ ಕಳ್ಳಿಯೆಂದು ಗದರಿಸುತ್ತಾನೆ. ಅವಳು ಆಯ್ದ ಪ್ರತಿ ಕಿಲೋವೂ ಪಾಲಿಕೆ ಲಾರಿಗೆ ಹೇರಿ ಸಾಗಿಸಬೇಕಾಗಿದ್ದ ಒಂದು ಕಿಲೋ. ಆ ಉಳಿತಾಯಕ್ಕೆ ಅವಳಿಗೆ ಸಿಗುವುದು ಭಂಗಾರದವನು ಕೊಟ್ಟಷ್ಟು. ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಮಕ್ಕಳಿಗೆ ಕಲಿಸುತ್ತೇವೆ. ಇಲ್ಲಿ ಕೈ ಕೆಸರಾದದ್ದು ಒಬ್ಬಳದು, ಬಾಯಿ ಮೊಸರಾದದ್ದು ಗುತ್ತಿಗೆದಾರನದು. ಈ ಕೆಲಸ ಯಾವ ಜಾತಿಗಳವರ ಪಾಲಿಗೆ ಬಂತು, ಯಾಕೆ ಬಂತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸವಜಯಂತಿಯ ಭಾಷಣಗಳಲ್ಲಿ ಕಾಯಕದ ಘನತೆಯನ್ನು ಸಾರುವ ನಾವು ಈ ಕಾಯಕದ ಎದುರು ಮೂಗಿಗೆ ಕರವಸ್ತ್ರ ಹಿಡಿದು ನಡೆದರೆ ಭಾಷಣಕ್ಕೆ ಅರ್ಥವಿಲ್ಲ.

ಬೇರೆ ದಾರಿ ಇಲ್ಲವೆಂದು ಯಾರೂ ಹೇಳದಿರಲಿ. ದಾರಿ ಪುಣೆಯಲ್ಲೇ ಇದೆ, ಡೆಕ್ಕನ್ ಕ್ವೀನ್ ಹಿಡಿದರೆ ಮೂರೂವರೆ ತಾಸು. ಅಲ್ಲಿ 1993ರಲ್ಲಿ ಚಿಂದಿ ಆಯುವವರು, ಹೆಚ್ಚಿನವರು ದಲಿತ ಹೆಂಗಸರು, ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಸಂಘ ಕಟ್ಟಿಕೊಂಡರು. ಕಾಗದ, ಗಾಜು, ತಗಡು ಆಯುವ ಶ್ರಮಿಕರ ಪಂಚಾಯಿತಿ ಎಂದು ಅರ್ಥ. ತಮಗೆ ಗುರುತಿನ ಚೀಟಿ ಬೇಕೆಂದು ಮೊದಲು ಹೋರಾಡಿದರು; ಕಳ್ಳರೆಂದು ಪೊಲೀಸರು ಹಿಡಿಯದಿರಲು ಅದೊಂದೇ ದಾರಿ. 2007ರಲ್ಲಿ ‘ಸ್ವಚ್ಛ್’ ಎಂಬ ಸಹಕಾರಿ ಸಂಸ್ಥೆ ಹುಟ್ಟಿ, 2008ರಲ್ಲಿ ಪುಣೆ ಪಾಲಿಕೆಯೊಡನೆ ಕರಾರು ಮಾಡಿಕೊಂಡಿತು. ಮೂರು ಸಾವಿರಕ್ಕೂ ಹೆಚ್ಚು ಮಂದಿ ಸದಸ್ಯರು ಮನೆಮನೆಗೆ ಹೋಗಿ ಹಸಿ ಕಸ, ಒಣ ಕಸ ಬೇರೆಬೇರೆಯಾಗಿ ಪಡೆಯುತ್ತಾರೆ. ಮನೆಯವರು ತಿಂಗಳಿಗೆ ಒಂದಿಷ್ಟು ಶುಲ್ಕವನ್ನು ನೇರವಾಗಿ ಅವರ ಕೈಗೆ ಕೊಡುತ್ತಾರೆ. ಒಣ ಕಸ ಮಾರಿದ ಹಣವೂ ಅವರದೇ. ಎಂದರೆ ಹೆಚ್ಚು ಬೇರ್ಪಡಿಸಿದವಳಿಗೆ ಹೆಚ್ಚು ಆದಾಯ. ಯಾವ ಯಂತ್ರದಲ್ಲೂ ಈ ಉತ್ಸಾಹವನ್ನು ಅಳವಡಿಸಲು ಬರುವುದಿಲ್ಲ. ಹಾಗೆಂದು ಅಲ್ಲಿ ಎಲ್ಲವೂ ಸುಸೂತ್ರವೆಂದಲ್ಲ. ಕರಾರು ಮುಗಿದಾಗಲೆಲ್ಲ ಮುಂದುವರಿಸುವುದಕ್ಕೆ ಆ ಹೆಂಗಸರು ಪಾಲಿಕೆಯ ಬಾಗಿಲು ಬಡಿಯಬೇಕಾಯಿತು. ದೊಡ್ಡ ಗುತ್ತಿಗೆದಾರರಿಗೆ ವಹಿಸುವ ಮಾತು ಮತ್ತೆ ಮತ್ತೆ ಕೇಳಿಬಂತು. ಅಗ್ಗವೂ ಹೌದು, ಪರೀಕ್ಷಿತವೂ ಹೌದು, ಆದರೂ ಪಾಲಿಕೆಗಳಿಗೆ ರುಚಿಸದು. ಸಾವಿರ ಹೆಂಗಸರೊಡನೆ ವ್ಯವಹರಿಸುವುದಕ್ಕಿಂತ ಒಬ್ಬ ಗುತ್ತಿಗೆದಾರನೊಡನೆ ವ್ಯವಹರಿಸುವುದು ಅಧಿಕಾರಿಗಳಿಗೆ ಸುಲಭ. ಸುಲಭ ಎಂಬ ಶಬ್ದದಲ್ಲಿ ಏನೇನು ಅಡಗಿದೆ ಎಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಕಾನೂನು ಈ ಹೆಂಗಸರ ಪರವಾಗಿಯೇ ಮಾತನಾಡಿದೆ. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಘನತ್ಯಾಜ್ಯ ನಿಯಮಗಳು ಚಿಂದಿ ಆಯುವವರನ್ನು ಗುರುತಿಸಿ ನಗರದ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು ಸ್ಪಷ್ಟವಾಗಿ ಹೇಳಿದವು. ನೈರ್ಮಲ್ಯ ಕೆಲಸಗಾರರಿಗಾಗಿ 2023ರಲ್ಲಿ ಬಂದ ‘ನಮಸ್ತೆ’ ಎಂಬ ಕೇಂದ್ರ ಯೋಜನೆಗೆ 2024ರಲ್ಲಿ ಅವರನ್ನೂ ಸೇರಿಸಲಾಯಿತು. ಕಾಗದದ ಮೇಲೆ ನಮಸ್ತೆ ಆಗಿದೆ. ಕೈ ಹಿಡಿಯುವುದು ಬಾಕಿ ಇದೆ.

ಪಾಲಿಕೆಗಳ ಈ ಅರುಚಿಗೆ ಇನ್ನೊಂದು ಒಳಗಾರಣವಿದೆ. ಕಸ ಸಾಗಿಸುವ ಗುತ್ತಿಗೆಗೆ ತೂಕದ ಮೇಲೆ ಹಣ ಕೊಡುವ ಪದ್ಧತಿ ನಮ್ಮ ನಗರಗಳಲ್ಲಿ ಬಹುಕಾಲ ನಡೆದುಬಂದಿದೆ. ಟನ್ನಿಗೆ ಇಷ್ಟು ರೂಪಾಯಿ. ಹಾಗಿದ್ದ ಮೇಲೆ ಕಸ ಕಡಿಮೆಯಾಗಲಿ ಎಂದು ಯಾವ ಗುತ್ತಿಗೆದಾರ ಹಾರೈಸುತ್ತಾನೆ? ತೂಕ ಹೆಚ್ಚಿಸಲು ಕಟ್ಟಡ ಕೆಡವಿದ ಮಣ್ಣುಗಲ್ಲನ್ನೂ ಕಸದೊಡನೆ ಬೆರೆಸುತ್ತಿದ್ದ ದೂರುಗಳು ಮುಂಬಯಿಯಲ್ಲೇ ಬಂದಿದ್ದವು. ಅನುದಾನ ಕೊಡುವ ಸರಕಾರ ನಿಜವಾಗಿ ಕಸ ತಗ್ಗಿಸಬೇಕೆಂದಿದ್ದರೆ ಈ ಒಂದು ಪದ್ಧತಿಯನ್ನು ತಿರುವುಮುರುವು ಮಾಡಲಿ: ಮೈದಾನಕ್ಕೆ ಹೋದ ಟನ್ನಿಗೆ ಅಲ್ಲ, ಮೈದಾನಕ್ಕೆ ಹೋಗದೆ ಉಳಿದ ಟನ್ನಿಗೆ ಹಣ ಕೊಡಲಿ.

“ನಾವು ಬೇರೆ ಮಾಡಿ ಕೊಟ್ಟರೂ ಅವರು ಒಂದೇ ಲಾರಿಗೆ ಸುರಿಯುತ್ತಾರಲ್ಲ?” ಈ ಪ್ರಶ್ನೆಯನ್ನು ಕೇಳದ ಸೊಸಾಯಿಟಿ ಸಭೆಯಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಕಾಂಪ್ಯಾಕ್ಟರ್ ಲಾರಿ ಕಸವನ್ನು ಹಿಂಡಿ ಒತ್ತುವ ಯಂತ್ರ. ಅದರೊಳಗೆ ಬಿದ್ದ ಕಾಗದ ಹಸಿ ಕಸದ ರಸ ಕುಡಿದು ಹಾಳಾಗುತ್ತದೆ. ಅನುದಾನದಲ್ಲಿ ಅಂಥ ಲಾರಿಯನ್ನೇ ಕೊಂಡು ಜನರಿಗೆ ಎರಡು ಡಬ್ಬ ಇಡಿ ಎಂದು ಉಪದೇಶಿಸುವುದು ಚೇಷ್ಟೆ. ಆದರೆ ಈ ನ್ಯಾಯವಾದ ಪ್ರಶ್ನೆಯನ್ನು ನೆಪವಾಗಿ ಮಾಡಿಕೊಂಡು ಕೈಕಟ್ಟಿ ಕೂರುವವರನ್ನೂ ನಾವು ಒಪ್ಪುವುದಿಲ್ಲ. ಕಲ್ಯಾಣ-ಡೊಂಬಿವಲಿಯ ಪಾಲಿಕೆ 2020ರ ಮೇ ತಿಂಗಳಲ್ಲಿ, ಕೊರೋನಾದ ಗದ್ದಲದ ನಡುವೆಯೇ, ಬೇರ್ಪಡಿಸದ ಕಸವನ್ನು ತೆಗೆದುಕೊಳ್ಳುವುದಿಲ್ಲವೆಂದು ಸಾರಿತು. ಜನ ಗೊಣಗಿದರು, ಬೈದರು, ಕೊನೆಗೆ ಎರಡು ಡಬ್ಬ ತಂದಿಟ್ಟರು. ವರ್ಷಗಳಿಂದ ಬೆಂಕಿ ಹಿಡಿದು ಊರಿಗೆ ಹೊಗೆ ಹಾಕುತ್ತಿದ್ದ ಆಧಾರವಾಡಿಯ ಮೈದಾನಕ್ಕೆ ಕಸ ಹಾಕುವುದನ್ನು 2021ರ ಮೇ ತಿಂಗಳಲ್ಲಿ ನಿಲ್ಲಿಸುವುದು ಸಾಧ್ಯವಾಯಿತು. ಅದಕ್ಕೂ ಮೊದಲು, 1990ರ ದಶಕದ ಕೊನೆಗೆ, ಘಾಟಕೋಪರದ ಜೋಶಿ ಲೇನಿನಲ್ಲಿ ಗಲ್ಲಿಯ ಜನರೇ ಸೇರಿ ಕಸ ವಿಂಗಡಿಸಲು ತೊಡಗಿದ್ದರಿಂದ ಮುಂಬಯಿಯ ಎಎಲ್‌ಎಂ ಎಂಬ ನಾಗರಿಕ ಸಮಿತಿಗಳು ನೂರಾರು ಹುಟ್ಟಿಕೊಂಡವು. ಪಾಲಿಕೆ ಬೆನ್ನಿಗೆ ನಿಂತಷ್ಟು ದಿನ ಬೆಳೆದವು, ಕೈಬಿಟ್ಟ ಮೇಲೆ ಒಂದೊಂದಾಗಿ ಸೊರಗಿದವು.

ಇಲ್ಲಿಯ ಮಾತನ್ನು ಇಷ್ಟಕ್ಕೆ ನಿಲ್ಲಿಸಿ ಸ್ವಲ್ಪ ಊರಿನ ಕಡೆ ನೋಡೋಣ, ಯಾಕೆಂದರೆ ಮುಂಬಯಿಯನ್ನು ಬೈದು ಊರನ್ನು ಹೊಗಳುವ ಚಾಳಿ ನಮ್ಮಲ್ಲಿದೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡೆ ಜಾರಿ ಮಂದಾರದ ಮೇಲೆ ಹರಿಯಿತು. ನೀರಲ್ಲ, ಮಣ್ಣಲ್ಲ, ನಗರದ ಕಸ ನಿಧಾನವಾಗಿ ಹರಿದು ಬಂದು ತೆಂಗು ಕಂಗುಗಳನ್ನು ಬುಡಮೇಲು ಮಾಡಿ ಮನೆಗಳನ್ನು ನುಂಗಿತು. ಹತ್ತಾರು ಸಂಸಾರಗಳು ಹುಟ್ಟಿದ ಮನೆ ಬಿಟ್ಟು ಏಳಬೇಕಾಯಿತು. ತಾವು ಬಿಸಾಡದ ಕಸಕ್ಕೆ ತಮ್ಮ ತೋಟವನ್ನು ತೆತ್ತವರು ಅವರು. ಗೋವಂಡಿಯವರೂ, ಪುಣೆಯ ಕಸ ಹೊತ್ತ ಉರುಳಿ ದೇವಾಚಿ ಮತ್ತು ಫುರಸುಂಗಿಯ ರೈತರೂ, ಬೆಂಗಳೂರಿನ ಕಸಕ್ಕೆ ಬಲಿಯಾಗಿ 2014ರಲ್ಲಿ ಎದ್ದುನಿಂತ ಮಂಡೂರಿನವರೂ ಇದೇ ಸಾಲಿನವರು.

ಅದೇ ಕರಾವಳಿಯಲ್ಲಿ ಇನ್ನೊಂದು ಚಿತ್ರವೂ ಇದೆ. ಕುಂದಾಪುರ ಸೀಮೆಯ ವಂಡ್ಸೆ ಎಷ್ಟು ದೊಡ್ಡ ಊರೆಂದು ಆ ಕಡೆಯ ಹೋಟೆಲು ಬಂಧುಗಳನ್ನು ಕೇಳಿದರೆ ಗೊತ್ತಾಗುತ್ತದೆ. ಆ ಗ್ರಾಮ ಪಂಚಾಯತು ಕಸವನ್ನು ಸಂಪನ್ಮೂಲವೆಂದು ಬಗೆದು ಮನೆಮನೆಯಿಂದ ಸಂಗ್ರಹಿಸಿ, ಹೆಂಗಸರ ಕೈಯಿಂದ ಬಗೆಬಗೆಯಾಗಿ ವಿಂಗಡಿಸಿ ಮಾರುವ ಕೇಂದ್ರ ನಡೆಸಿ ಹೆಸರಾಯಿತು; ಬೇರೆ ಪಂಚಾಯತುಗಳವರು ನೋಡಿ ಕಲಿಯಲು ಅಲ್ಲಿಗೆ ಹೋದರು. ಕಾರ್ಕಳದ ನಿಟ್ಟೆಯಲ್ಲಿ ಹಲವು ಪಂಚಾಯತುಗಳ ಒಣ ಕಸಕ್ಕೆ ಒಂದೇ ದೊಡ್ಡ ವಿಂಗಡಣಾ ಕೇಂದ್ರವಾಯಿತು. ಅಲ್ಲಿಯೂ ಸರಕಾರದ ಹಣವಿದೆ. ವ್ಯತ್ಯಾಸವೆಂದರೆ ಅಲ್ಲಿ ಯಂತ್ರದ ಪಟ್ಟಿಯ ಮುಂದೆ ಬೆಲ್ಟಿನ ಇಕ್ಕೆಲಗಳಲ್ಲಿ ನಿಲ್ಲುವವರನ್ನೂ ಮರೆಯಲಿಲ್ಲ. ವಂಡ್ಸೆಗೆ ಸಾಧ್ಯವಾದದ್ದು 74 ಸಾವಿರ ಕೋಟಿಯ ಮುಂಬಯಿಗೆ ಯಾಕೆ ಸಾಧ್ಯವಾಗುವುದಿಲ್ಲ? ಪ್ರಮಾಣ ಬೇರೆ ಎನ್ನುತ್ತಾರೆ. ಒಪ್ಪೋಣ. ಮುಂಬಯಿಯ ಒಂದು ವಾರ್ಡಿನ ಒಂದು ಬೀದಿಯಲ್ಲಾದರೂ ವಂಡ್ಸೆಯನ್ನು ತೋರಿಸಲಿ.

ಹೋಟೆಲು ಬಂಧುಗಳಿಗೂ ಎರಡು ಮಾತು ಹೇಳದಿದ್ದರೆ ಈ ಲೇಖನ ಮುಖಸ್ತುತಿಯಾದೀತು. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹುಟ್ಟಿಸುವವರನ್ನು 2016ರ ನಿಯಮ ದೊಡ್ಡ ಉತ್ಪಾದಕರೆಂದು ಕರೆಯಿತು. ಸಾಧ್ಯವಾದಷ್ಟು ಹಸಿ ಕಸವನ್ನು ತಮ್ಮ ಆವರಣದಲ್ಲೇ ಗೊಬ್ಬರವೋ ಅನಿಲವೋ ಮಾಡಬೇಕೆಂದಿತು. ಮುಂಬಯಿ ಪಾಲಿಕೆ ದೊಡ್ಡ ಸೊಸಾಯಿಟಿಗಳಿಗೆ, ಹೋಟೆಲುಗಳಿಗೆ 2017ರ ಅಕ್ಟೋಬರ್ 2ರ ಗಡುವು ಕೊಟ್ಟಿತ್ತು. ಆ ಗಡುವು ಬಂತು, ಹೋಯಿತು. ಜಾಗವಿಲ್ಲವೆಂಬುದು ಹಲವರ ಸಮಜಾಯಿಷಿ, ಮುಂಬಯಿಯಲ್ಲಿ ಅದು ಸುಳ್ಳೂ ಅಲ್ಲ. ಆದರೆ ಒಂದೇ ಬೀದಿಯ ನಾಲ್ಕಾರು ಹೋಟೆಲುಗಳು ಸೇರಿ ಒಂದು ಅನಿಲ ಘಟಕ ಇಟ್ಟುಕೊಳ್ಳಲು ಏನಡ್ಡಿ? ದೇವನಾರಿನ ಮಗ್ಗುಲಲ್ಲೇ ಇರುವ ಟ್ರಾಂಬೆಯ ಭಾಭಾ ಅಣುಸಂಶೋಧನಾ ಕೇಂದ್ರ ‘ನಿಸರ್ಗಋಣ’ ಎಂಬ ಅನಿಲ ಘಟಕದ ತಂತ್ರವನ್ನು ರೂಪಿಸಿ ಎಷ್ಟೋ ವರ್ಷವಾಯಿತು. ಚಟ್ನಿ, ಸಾಂಬಾರು, ಉಳಿದ ಇಡ್ಲಿಗಳಿಗಿಂತ ಒಳ್ಳೆಯ ಮೇವು ಅಂಥ ಘಟಕಕ್ಕೆ ಸಿಗಲಾರದು. ಪಾಲಿಕೆ ಅನುದಾನ ಕೇಳುವಾಗ ನಮ್ಮ ಹೋಟೆಲುಗಳ ಸಂಘಟನೆಗಳು ಈ ಬೇಡಿಕೆಯೊಡನೆ ಮುಂದೆ ಹೋಗಲಿ. ಕೋಟಿಗಟ್ಟಲೆಯ ದೂರದ ಘಟಕಕ್ಕೆ ಬದಲು ಬೀದಿಗೊಂದು ಸಣ್ಣ ಘಟಕಕ್ಕೆ ಜಾಗ ಕೊಡಿ, ಹಸಿ ಕಸವನ್ನು ಶುದ್ಧವಾಗಿ ನಾವು ಕೊಡುತ್ತೇವೆ ಎನ್ನಲಿ. ಸಂಘಗಳ ವಾರ್ಷಿಕೋತ್ಸವದ ಊಟದಲ್ಲಿ ಬಾಳೆಎಲೆಯ ಜಾಗಕ್ಕೆ ಬಂದ ಪ್ಲಾಸ್ಟಿಕ್ ಲೇಪದ ತಟ್ಟೆಗಳ ಬಗೆಗೂ ಬರೆಯುವುದಿತ್ತು. ಈ ಸಲ ಅದನ್ನು ಕಾರ್ಯಕಾರಿ ಸಮಿತಿಯ ವಿವೇಕಕ್ಕೆ ಬಿಟ್ಟಿದ್ದೇವೆ.

ಕಸಕ್ಕೆ ಶುಲ್ಕ ಎಂದರೆ ಎಲ್ಲರ ಹುಬ್ಬು ಗಂಟಿಕ್ಕುತ್ತದೆ. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯೊಡನೆ ಕಸದ ಶುಲ್ಕವನ್ನೂ ವಸೂಲು ಮಾಡತೊಡಗಿದರು. ಅದೇ ವರ್ಷ ಮುಂಬಯಿ ಪಾಲಿಕೆಯೂ ಮನೆಗೆ ತಿಂಗಳಿಗೆ 100ರಿಂದ 1,000 ರೂಪಾಯಿವರೆಗೆ ಶುಲ್ಕದ ಕರಡನ್ನು ಪ್ರಕಟಿಸಿದಾಗ ಎಲ್ಲ ಪಕ್ಷಗಳೂ ಒಂದಾಗಿ ಬೊಬ್ಬೆ ಹೊಡೆದವು. ನಮ್ಮ ಅಭಿಪ್ರಾಯ ಜನಪ್ರಿಯವಲ್ಲದಿದ್ದರೂ ಹೇಳುತ್ತೇವೆ: ಶುಲ್ಕ ಕೊಡಲು ನಾವು ಸಿದ್ಧರಿರಬೇಕು. ಕೇಬಲ್ಲಿಗೆ, ಮೊಬೈಲಿಗೆ, ಕಾರು ತೊಳೆಯುವವನಿಗೆ ತಿಂಗಳು ತಿಂಗಳು ಕೊಡುವವರು ಕಸ ಹೊರುವವಳಿಗೆ ಕೊಡಲಾರೆವು ಎನ್ನುವುದು ನಾಚಿಕೆಗೇಡು. ಆದರೆ ಪಾಲಿಕೆಯ ದೊಡ್ಡ ಹೊಟ್ಟೆಗೆ ಬಿದ್ದು ಅಲ್ಲಿಂದ ಗುತ್ತಿಗೆದಾರನ ಲೆಕ್ಕಕ್ಕೆ ಹೋಗುವ ಶುಲ್ಕವನ್ನು ಖಂಡಿತ ವಿರೋಧಿಸಬೇಕು. ಪುಣೆಯಂತೆ ಬಾಗಿಲಿಗೆ ಬಂದವಳ ಕೈ ಸೇರುವ ಶುಲ್ಕವಾದರೆ ನೂರು ರೂಪಾಯಿಯ ಬಗ್ಗೆ ತಕರಾರು ಬೇಡ.

2022ರ ಮಾರ್ಚಿನಿಂದ ಮುಂಬಯಿ ಪಾಲಿಕೆಯಲ್ಲಿ ಚುನಾಯಿತ ಸದಸ್ಯರಿರಲಿಲ್ಲ. ಯಾರನ್ನು ಕೇಳೋಣ ಎಂಬ ಸಬೂಬು ನಮಗಿತ್ತು. 2026ರ ಜನವರಿಯಲ್ಲಿ ಚುನಾವಣೆ ನಡೆದ ಮೇಲೆ ಆ ಸಬೂಬೂ ಇಲ್ಲ. ಮನೆಯ ಹತ್ತಿರದ ನಗರಸೇವಕರ ಕಚೇರಿಗೆ ನಮ್ಮ ಬಂಧುಗಳು ಕೂಡಿ ಹೋಗಲಿ. ಕೇಳಬೇಕಾದದ್ದು ಹೆಚ್ಚಿಲ್ಲ. ನಮ್ಮ ವಾರ್ಡಿನಲ್ಲಿ ಒಣ ಕಸ ವಿಂಗಡಿಸುವ ಕೊಠಡಿ ಎಲ್ಲಿದೆ, ಅದರಲ್ಲಿ ದುಡಿಯುವವರಿಗೆ ನೀರು, ಕಕ್ಕಸು, ದೀಪ ಇದೆಯೇ? ಹಸಿ ಕಸದ ಗಾಡಿ ಬೇರೆ, ಒಣ ಕಸದ ಗಾಡಿ ಬೇರೆ ಬರುವುದು ಎಂದಿನಿಂದ? ಸಾಗಣೆ ಗುತ್ತಿಗೆಯ ಹಣವನ್ನು ತೂಕದ ಮೇಲೆ ಕೊಡುತ್ತಿದ್ದಾರೆಯೇ? ಮುಂದಿನ ಅನುದಾನದ ಅರ್ಜಿಯಲ್ಲಿ ಚಿಂದಿ ಆಯುವವರ ಕೂಲಿಗೆ, ವಿಮೆಗೆ ಎಷ್ಟು ಬರೆದಿದ್ದೀರಿ? ಅರ್ಜಿಯ ಪ್ರತಿಯನ್ನು ಮರಾಠಿಯಲ್ಲಿ ಕೊಟ್ಟರೂ ನಡೆದೀತು, ನಮ್ಮಲ್ಲಿ ಓದಬಲ್ಲವರಿದ್ದಾರೆ. ಬಂದ ಉತ್ತರಗಳನ್ನು ನಮಗೆ ಕಳಿಸಿದರೆ ವಾರ್ಡುವಾರಾಗಿ ಈ ಪುಟದಲ್ಲೇ ಅಚ್ಚುಹಾಕುತ್ತೇವೆ, ಉತ್ತರ ಕೊಡದವರ ವಾರ್ಡಿನ ಸಂಖ್ಯೆಯನ್ನೂ ಬಿಡದೆ.